ಅಕ್ಕ ಕೆಡಿಸಿದ ಕಂಪ್ಯೂಟರು

ಈ ಹೆಸರಿನ ಪ್ರಬಂಧವೊಂದನ್ನು ನಾನು ಈಗಾಗಲೇ ಬರೆದಿದ್ದೇನೆ. ಅದು ಅಚ್ಚಾಗಿದೆ, ಓದಿದವರು ನಕ್ಕಿದ್ದಾರೆ, ನಾಲ್ಕಾರು ಸಭೆಗಳಲ್ಲಿ ನಾನೇ ಅದನ್ನು ಕೈಬಾಯಿ ತಿರುಗಿಸಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ನೀವೂ ಎಲ್ಲೋ ಕೇಳಿರಬಹುದು. ಕೇಳಿದ್ದರೆ ದಯವಿಟ್ಟು ಮರೆತುಬಿಡಿ. ಅದರಲ್ಲಿ ಕಂಪ್ಯೂಟರು ಎಂಬುದೊಂದು ಬಿಟ್ಟರೆ ಉಳಿದದ್ದನ್ನು ನಂಬುವಂತಿಲ್ಲ. ಇದನ್ನು ನನಗೆ ಹೇಳಿದ್ದು ಮನುಷ್ಯರಲ್ಲ. ಸವಣೂರಿನ ಒಂದು ರಿಪೇರಿ ಅಂಗಡಿಯಲ್ಲಿ, ಬೆಳಗಿನ ಹನ್ನೊಂದು ಗಂಟೆಗೆ, ಉಗುರಿನಷ್ಟು ಅಗಲದ ವೀಳ್ಯದೆಲೆಯ ತುಣುಕೊಂದು ನನ್ನ ಕಣ್ಣೆದುರಿಗೇ ಬಾಡಿ ಹೇಳಿತು.

ಅವತ್ತಿನಿಂದ ನನಗೆ ತಟ್ಟೆಯ ಮುಂದೆ ಕೂತರೆ ತುತ್ತು ಎತ್ತಬೇಕೆಂಬುದು ನೆನಪಾಗುವುದಿಲ್ಲ. ತರಗತಿಯಲ್ಲಿ ಹಾಜರಿ ಕರೆಯುತ್ತ ಅರ್ಧಕ್ಕೇ ನಿಲ್ಲಿಸಿ ಕಿಟಕಿ ನೋಡುತ್ತೇನೆ.

ಈಗ ನನ್ನ ಮೇಜಿನ ಮೇಲೆ ಒಂದು ಕಪ್ಪು ಚಿಪ್ ಬಿದ್ದಿದೆ. ಅಂಗಾತ ಸತ್ತುಬಿದ್ದ ಜರಿಯ ಹಾಗೆ, ಹದಿನಾರು ಕಾಲು ಮೇಲೆ ಮಾಡಿಕೊಂಡು. ಹೆಬ್ಬೆರಳಿನ ಉಗುರಿಗಿಂತ ಚೂರು ಉದ್ದ. ಇಷ್ಟು ಸಣ್ಣದು ಮೂವತ್ತೈದು ವರ್ಷ ಒಬ್ಬ ಹೆಣ್ಣುಮಗಳ ಎರಡೂ ಕೈಗಳ ಮೇಲೆ ಕೂತಿತ್ತು.

ಹಳೆಯ ಪ್ರಬಂಧ ಹೀಗೆ ಶುರುವಾಗುತ್ತಿತ್ತು. ನಮ್ಮ ಅಪ್ಪ ಹಿರೇಕೆರೂರು ತಾಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ. ಆ ಶಾಲೆಗೆ ಒಂದು ಕಂಪ್ಯೂಟರು ಬಂತು. ಇಂದಿನವರು ನೋಡಿದರೆ ಅದನ್ನು ಕಂಪ್ಯೂಟರು ಅನ್ನಲಿಕ್ಕಿಲ್ಲ. ಟೈಪರೈಟರಿನಷ್ಟು ದಪ್ಪದ ಕೀಬೋರ್ಡು, ಅದರ ಹೊಟ್ಟೆಯೊಳಗೇ ಸಕಲವೂ. ಮುಂದೆ ಒಂದು ಕಪ್ಪು-ಬಿಳುಪು ಟಿವಿ, ಪಕ್ಕಕ್ಕೆ ಒಂದು ಟೇಪ್ ರೆಕಾರ್ಡರು. ಆ ಕೋಣೆಗೆ ಹೋಗುವ ಮೊದಲು ಚಪ್ಪಲಿ ಬಿಟ್ಟು, ಕಾಲು ತೊಳೆದು, ಒದ್ದೆ ಕಾಲನ್ನು ಗೋಣಿತಟ್ಟಿಗೆ ಒರೆಸಿಕೊಳ್ಳಬೇಕು. ಅವ್ವ ಅದಕ್ಕೆ ಕಸೂತಿ ಹಾಕಿದ ಮುಸುಕು ಹೊಲಿದುಕೊಟ್ಟಿದ್ದಳು. ಸೀರೆಯ ಸೆರಗಿಗೆ ಹಾಕುವ ಗೋಪುರ, ಆನೆ ಎಲ್ಲ ಅದರ ಮೇಲೂ ಇದ್ದವು. ಆನೆ ಹೊದ್ದ ಕಂಪ್ಯೂಟರು ಎಂದು ನಾನು ಹೇಳುತ್ತಿದ್ದಂತೆ ಸಭೆಯಲ್ಲಿ ಮೊದಲ ನಗೆ ಬರುತ್ತಿತ್ತು.

ನನ್ನ ಅಕ್ಕ ಕಸ್ತೂರಿ ಆಗ ಹತ್ತನೆಯ ಇಯತ್ತೆ, ನಾನು ಎಂಟನೆಯದು. ಆ ಯಂತ್ರದಿಂದ ಮೊದಲ ಕೆಲಸ ಮಾಡಿಸಿದವಳು ಅವಳೇ. ಪುಸ್ತಕ ನೋಡಿಕೊಂಡು ಎರಡೇ ಎರಡು ಸಾಲು ಒತ್ತಿ, ಟಿವಿಯ ತಲೆಯಿಂದ ಬುಡದವರೆಗೆ ಅಪ್ಪನ ಹೆಸರು ಇಳಿಯುವಂತೆ ಮಾಡಿದಳು. ನಿಲ್ಲಿಸುವುದು ಹೇಗೆಂದು ಗೊತ್ತಾಗದೆ ಅಪ್ಪ ತನ್ನ ಹೆಸರು ತನ್ನೆದುರಿಗೇ ಹರಿದುಹೋಗುವುದನ್ನು ಕೈಕಟ್ಟಿಕೊಂಡು ನೋಡುತ್ತ ನಿಂತಿದ್ದರು. ಆಮೇಲೆ ಮನೆಯಲ್ಲಿ, ಇವಳನ್ನು ಪಿಯುಸಿಗೆ ಸೈನ್ಸಿಗೇ ಹಾಕುವುದು ಎಂದರು. ಈ ಭಾಗ ನನ್ನ ಹಳೆಯ ಪ್ರಬಂಧದಲ್ಲಿ ಇರಲಿಲ್ಲ. ಅದಕ್ಕೆ ಯಾರೂ ನಗುವುದಿಲ್ಲ ನೋಡಿ, ಕತ್ತರಿಸಿದ್ದೆ.

ಮಹಾನವಮಿಗೆ ನಮ್ಮ ಕಡೆ ಖಂಡೇಪೂಜೆ. ಕುಡಗೋಲು, ಕೊಡಲಿ, ಕೂರಿಗೆ, ಹೊಲಿಗೆ ಮಷೀನು, ತಕ್ಕಡಿ, ಯಾವ ಯಾವುದರಿಂದ ಕೆಲಸ ನಡೆಯುತ್ತದೋ ಅದನ್ನೆಲ್ಲ ಹಿಂದಿನ ದಿನ ಬಿಚ್ಚಿ, ತಿಕ್ಕಿ, ತೊಳೆದು, ಕಂಬಳಿಯ ಮೇಲೆ ಸಾಲಾಗಿ ಇಡುವುದು. ಮರುದಿನ ವಿಭೂತಿ, ಭಂಡಾರ, ಕುಂಕುಮ. ಮಣ್ಣು ಮೆತ್ತಿದ ಕುಡಗೋಲನ್ನು ಯಾರೂ ಪೂಜೆಗೆ ಇಡುವುದಿಲ್ಲ. ರಜೆ ಇದ್ದರೂ ಅಪ್ಪ ಪ್ರಯೋಗಶಾಲೆಯ ಸಾಮಾನುಗಳಿಗೆ ಪೂಜೆ ತಪ್ಪಿಸುತ್ತಿರಲಿಲ್ಲ. ಆ ವರ್ಷ ಕಂಬಳಿಯ ನಡುವಿನ ಜಾಗ ಕಂಪ್ಯೂಟರಿಗೆ. ಪೂಜೆ ಮಾಡಿ ಸ್ವಿಚ್ ಹಾಕುವ ಮಾನ ಕಸ್ತೂರಕ್ಕನಿಗೆ.

ಅಕ್ಕ ಕುಂಕುಮ ಕಲಸಿದ ಒದ್ದೆ ಬೆರಳು ಹಿಡಿದು ಬಂದಳು. ಒಂದು ಹನಿ ಕೀಗಳ ಸಂದಿಯಲ್ಲಿ ಇಳಿಯಿತು. ಸ್ವಿಚ್ ಒತ್ತಿದಳು. ಟಿವಿಯ ತುಂಬ ಪಟ್ಟೆಪಟ್ಟೆ, ಸುಟ್ಟ ವಾಸನೆ, ಹೊಗೆ. ಹೆಡ್‌ಮಾಸ್ತರರು ಒಡೆಯಲೆಂದು ಎತ್ತಿದ ಕಾಯಿ ಜಾರಿ ಅವರ ಪಾದದ ಮೇಲೇ ಬಿತ್ತು. ಇಲ್ಲಿ ಸಭೆ ಬಿದ್ದು ಬಿದ್ದು ನಗುತ್ತಿತ್ತು. ನಾನು ಒಂಟಿ ಕಾಲಿನಲ್ಲಿ ಕುಂಟಿ ತೋರಿಸುತ್ತಿದ್ದೆ. ನಗು ಇಳಿದ ಮೇಲೆ, ದನಿ ಸಣ್ಣ ಮಾಡಿ, ಅಪ್ಪ ಅಕ್ಕನಿಗೆ ಹೇಳಿದ ಮಾತನ್ನು ಅಪ್ಪನ ಹಾಗೇ ಹೇಳುತ್ತಿದ್ದೆ:

"ನಿನ್ನ ಕೈ ಸರಿ ಇಲ್ಲವ್ವಾ. ಇನ್ನ ಮ್ಯಾಲೆ ಮಷೀನಿಗೆ ಹಚ್ಚಬ್ಯಾಡ."

ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ಜ್ವರ ಬಂದವರ ಹಣೆ ಮುಟ್ಟಿ ಮಾತಾಡುವವರ ಹಾಗೆ ಮೆತ್ತಗೆ ಹೇಳಿದರು. ಬೈದಿದ್ದರೆ ಅದು ನಾಲ್ಕು ದಿನಕ್ಕೆ ಹಾರಿಹೋಗುತ್ತಿತ್ತೋ ಏನೋ. ಮೆತ್ತಗೆ ಹೇಳಿದ್ದು ಒಳಗೆ ಇಳಿದು ಕೂತಿತು. ಮರುದಿನ ಬನ್ನಿ ಕೊಡುವಾಗ ಅಕ್ಕ ಯಾರ ಕೈಗೂ ತನ್ನ ಕೈ ತಾಗಿಸದೆ, ಸೆರಗಿನಲ್ಲಿ ಎಲೆ ಹಿಡಿದು ಮುಂದೆ ಚಾಚಿದಳು. ಇದು ನಿಜವಾಗಿ ನನಗೆ ನೆನಪಿದೆಯೋ, ಈಗ ಬರೆಯುತ್ತಾ ಹುಟ್ಟಿಸುತ್ತಿದ್ದೇನೋ ಗೊತ್ತಿಲ್ಲ. ನನ್ನ ನೆನಪನ್ನು ನಾನು ಇನ್ನು ಸಾಕ್ಷಿಗೆ ಕರೆಯುವುದಿಲ್ಲ. ಕರೆಯದಿದ್ದರೂ ಅದು ಬಂದು ಕಟಕಟೆಯಲ್ಲಿ ನಿಲ್ಲುತ್ತದೆ, ಕೇಳದ್ದಕ್ಕೂ ಹೌದೆನ್ನುತ್ತದೆ.

ರಿಪೇರಿಯವರು ಬರಲಿಲ್ಲ. ಕೋಣೆಗೆ ಬೀಗ ಬಿತ್ತು. ಅಕ್ಕನನ್ನು ಆರ್ಟ್ಸಿಗೆ ಹಾಕಿದರು. ಆಮೇಲೆ ಮಾಸೂರಿಗೆ ಮದುವೆ ಮಾಡಿಕೊಟ್ಟರು.

ಮಾಸೂರಿನಲ್ಲಿ ಕಸ್ತೂರಕ್ಕನ ಕೈ ಹೆಸರಾದದ್ದು ರೊಟ್ಟಿಗೆ. ಅವಳು ತಟ್ಟಿದ ಜೋಳದ ರೊಟ್ಟಿಯ ಹಿಂದೆ ದೀಪ ಹಿಡಿದರೆ ಬೆಳಕು ಕಾಣುತ್ತದೆ ಎನ್ನುತ್ತಾರೆ. ಆದರೆ ಅದೇ ಕೈ ಮಿಕ್ಸರಿನ ಗುಂಡಿ ತಿರುಗಿಸುವುದಿಲ್ಲ. ಚಟ್ನಿ ಅರೆಯಬೇಕೆಂದರೆ ಜಾರು ತುಂಬಿಟ್ಟು ಪಕ್ಕದ ಮನೆಯವರನ್ನು ಕರೆಯುತ್ತಾಳೆ. ಫೋನು ಬಂದರೆ ಯಾರಾದರೂ ಒತ್ತಿ ಕಿವಿಗೆ ಹಿಡಿಯಬೇಕು. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಇಟ್ಟರೆ ಆ ಯಂತ್ರ ಅವಳ ಬೆರಳನ್ನು ಗುರುತಿಸುವುದಿಲ್ಲ. ಸಗಣಿ, ಬೂದಿ, ಹೆಂಚಿನ ಕಾವಿಗೆ ಸವೆದ ಬೆರಳು ಊರಲ್ಲಿ ಹತ್ತಾರು ಮಂದಿಗಿದೆ. ಎಲ್ಲರೂ ಯಂತ್ರಕ್ಕೆ ಬೈಯುತ್ತಾರೆ. ಅಕ್ಕ ಮಾತ್ರ ಕೈ ಹಿಂದೆ ತೆಗೆದುಕೊಂಡು, ನಾ ಮೊದಲ ಹೇಳಿದ್ನಿಲ್ಲೇನ್ರಿ ಅನ್ನುತ್ತಾಳಂತೆ. ಇದನ್ನೂ ನಾನು ಸಭೆಗಳಲ್ಲಿ ಸೇರಿಸುತ್ತಿದ್ದೆ. ಹೋದ ವರ್ಷ ಗೊಟಗೋಡಿಯ ಒಂದು ಸಭೆಗೆ ಮಾಸೂರಿನ ಹೆಂಗಸರೊಂದಿಗೆ ಅವಳೂ ಬಂದಿದ್ದಳು. ಮೂರನೆಯ ಸಾಲಿನಲ್ಲಿ ಕೂತು, ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನಕ್ಕಳೆಂದೇ ತಿಳಿದಿದ್ದೆ. ಸೆರಗಿನ ಹಿಂದೆ ಏನಿತ್ತೋ ನಾನು ನೋಡಿಲ್ಲ.

ಈ ಸಲ ಮಳೆಗಾಲ ಮುಗಿಯುವ ಹೊತ್ತಿಗೆ ಎರಡು ಫೋನು ಬಂದವು. ಒಂದು, ಮಾಸೂರಿನ ಮಹಿಳಾ ಸಂಘದ ಅಧ್ಯಕ್ಷೆ ನೀಲವ್ವನದು. ಸಂಘಕ್ಕೆ ರೊಟ್ಟಿ ಮಾಡುವ ಮಷೀನು ಬಂದು ಕೂತು ಇಪ್ಪತ್ತು ದಿನವಾಗಿತ್ತು. ಹಿಟ್ಟಿನ ಹದ, ಕಾವಿನ ಹದ ತಿಳಿದವರು ಕಸ್ತೂರಕ್ಕ ಒಬ್ಬರೇ. ಅವರೇ ನಡೆಸಬೇಕೆಂದು ಎಲ್ಲರ ಆಸೆ. ಅವರು ಆ ಕೋಣೆಯ ಹೊಸ್ತಿಲು ದಾಟುತ್ತಿಲ್ಲ. ಸೋಮವಾರದೊಳಗೆ ಚಾಲೂ ಆಗದಿದ್ದರೆ ಮಷೀನನ್ನು ಬೇರೆ ಊರಿನ ಸಂಘಕ್ಕೆ ಒಯ್ಯುತ್ತಾರೆ. ಕಡೆಗೆ ನೀಲವ್ವ ಹೇಳಿದ್ದು ಇಷ್ಟು: "ನೀವು ಕಥಿ ಹೇಳಿ ಮಂದೀನ್ನ ನಗಸ್ತೀರಿ ಸರ. ನಿಮ್ಮಕ್ಕಾರಿಗೆ ಒಂದೀಟು ಹೇಳಿ ತಿಳಸ್ರಿ."

ಇನ್ನೊಂದು ಫೋನು ಹಳೆಯ ಶಾಲೆಯದು. ಬೀಗ ಹಾಕಿದ ಕೋಣೆ ಖಾಲಿ ಮಾಡುತ್ತಿದ್ದಾರೆ, ಒಂದು ಪೆಟ್ಟಿಗೆಯ ಮೇಲೆ ನಿಮ್ಮ ತಂದೆಯವರ ಹೆಸರಿದೆ, ಗುಜರಿಗೆ ಹಾಕುವ ಮೊದಲು ಬೇಕಿದ್ದರೆ ಬನ್ನಿ ಎಂದರು.

ಅಕ್ಕನ ಮನಸ್ಸು ತಿರುಗಿಸಲು ಯಂತ್ರ ರಿಪೇರಿ ಮಾಡಿಸಿದೆ ಎಂದು ಬರೆಯಲು ಕೈ ತುರಿಸುತ್ತಿದೆ. ಹಾಗಿರಲಿಲ್ಲ. ಮುಂದಿನ ಸಭೆಯಲ್ಲಿ ಕಂಪ್ಯೂಟರನ್ನೇ ವೇದಿಕೆಯ ಮೇಲಿಟ್ಟು, ಇಗೋ ಆ ಕುಂಕುಮದ ಹನಿ ಎಂದು ತೋರಿಸಿ, ಕುಂಟಿ, ನಗಿಸಬೇಕೆಂದಿದ್ದೆ. ಅದು ಚಾಲೂ ಆದರೆ ನಗೆ ಇಮ್ಮಡಿ. ನೀಲವ್ವನ ಮಾತು ಇನ್ನೊಂದು ಕಿವಿಯಲ್ಲಿ ಇತ್ತು, ಅಷ್ಟೇ.

ಪೆಟ್ಟಿಗೆ ತಂದೆ. ಹಾನಗಲ್ಲಿನ ಮೊಬೈಲ್ ಅಂಗಡಿಯವನು ಅದನ್ನು ನೋಡಿ, ಇದರಾಗ ಸಿಮ್ ಎಲ್ಲಿ ಹಾಕ್ತಾರ್ರಿ ಎಂದು ತಮಾಷೆ ಮಾಡಿದ. ಶಿಗ್ಗಾವಿಯ ಲ್ಯಾಪ್‌ಟಾಪ್ ಅಂಗಡಿಯವರು ಮುಟ್ಟಲೂ ಇಲ್ಲ. ಇಂಥವಕ್ಕೆಲ್ಲ ಸವಣೂರಿನ ಮಾಬೂಸಾಬರೇ ಸೈ ಎಂದರು. ಹಾಗೆ ಆ ಶನಿವಾರ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸವಣೂರಿನ ಬಸ್ಸು ಹತ್ತಿದೆ. ಇದೇನು ಹಾರ್ಮೋನಿಯಂ ಏನ್ರಿ ಎಂದು ಕಂಡಕ್ಟರು ಕೇಳಿದರು. ಹೌದೆಂದೆ. ವಿವರಿಸುವುದಕ್ಕಿಂತ ಸುಳ್ಳು ಹೇಳುವುದು ನನಗೆ ಯಾವಾಗಲೂ ಸುಲಭ ಎಂಬುದನ್ನು ಆಗಲೇ ಗಮನಿಸಬೇಕಿತ್ತು.

ಮಾಬೂಸಾಬರ ಅಂಗಡಿಯ ಗೋಡೆಯ ತುಂಬ ತೆರೆದ ಎದೆಯ ರೇಡಿಯೋಗಳು. ವಯಸ್ಸು ಎಪ್ಪತ್ತರ ಮೇಲೆ. ಬೆಸುಗೆ ಹಾಕುವಾಗ ಮಾತ್ರ ನಡುಗದ ಕೈ. ಸವಣೂರಿನ ಎಳೆ ವೀಳ್ಯದೆಲೆಯ ಒಂದು ಕಟ್ಟು ಒದ್ದೆ ಬಟ್ಟೆಯಲ್ಲಿ ಸುತ್ತಿ ಸದಾ ಮಗ್ಗುಲಲ್ಲಿ. ಅವರದ್ದೊಂದು ಪದ್ಧತಿ. ಸಾಮಾನು ಬಿಚ್ಚುವ ಮೊದಲು ಗಿರಾಕಿಯಿಂದ ಪೂರ್ತಿ ಕಥೆ ಕೇಳುತ್ತಾರೆ: ಕೆಟ್ಟಾಗ ಯಾರಿದ್ದರು, ಏನು ವಾಸನೆ, ಮೊದಲ ದಿನ ಏನು ಮಾಡಿದ್ದಿರಿ. ಕೇಳಿದ ಮೇಲೆ ಒಂದು ಚೀಟಿಯಲ್ಲಿ ಗಿರಾಕಿಯ ಕೈಯಿಂದಲೇ ಹೆಸರು, ಫೋನ್ ನಂಬರು ಬರೆಸಿ, ದಾರದಿಂದ ಸಾಮಾನಿಗೆ ಕಟ್ಟುತ್ತಾರೆ. ನಾನು ಇಲ್ಲೇ ಎದುರಿಗೆ ಕೂತಿರುತ್ತೇನಲ್ಲ ಎಂದರೂ ಬಿಡಲಿಲ್ಲ. ಬರೆದುಕೊಟ್ಟೆ. ನಾನು ಅಂಕಿಗಳನ್ನು ಕನ್ನಡದಲ್ಲೇ ಬರೆಯುವವನು. ಇದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇದೆ. ಬ್ಯಾಂಕಿನವರಿಗೆ ತಲೆಬೇನೆಯೂ ಇದೆ.

ಕಥೆಯನ್ನು ಸಭೆಯಲ್ಲಿ ಹೇಳುವಂತೆಯೇ ಹೇಳಿದೆ. ಕುಂಕುಮದ ಹನಿ, ಹೊಗೆ, ಕಾಯಿ. ಮಾಬೂಸಾಬರು ನಗಲಿಲ್ಲ. ಅವರು ಕೇಳಿದ ಪ್ರಶ್ನೆ ಒಂದೇ: ಪೂಜೆಯ ಹಿಂದಿನ ದಿನ ಇದನ್ನು ಯಾರು ಒರೆಸಿದ್ದರು? ನೆನಪಿಲ್ಲ ಎಂದೆ. ಶಾಲೆಯ ಸಿಪಾಯಿ ಇರಬೇಕು ಎಂದೆ. ಆ ಸಿಪಾಯಿಯ ಮುಖವನ್ನೂ ಆ ಕ್ಷಣವೇ ಕಂಡೆ, ಹೆಗಲ ಮೇಲಿನ ಚೌಕಡಿ ವಸ್ತ್ರ ಸಮೇತ. ಬೇಕೆಂದಾಗ ಬೇಕಾದ ಮನುಷ್ಯನನ್ನು ಕಳಿಸಿಕೊಡುವಷ್ಟು ನನ್ನ ನೆನಪು ಉಪಕಾರಿ.

"ಗಿರಾಕಿ ಹೇಳೋದು ಒಂದು ಇರತೈತ್ರಿ ಸರ, ಬೋರ್ಡ್ ಹೇಳೋದು ಒಂದು ಇರತೈತಿ," ಎಂದರು ಅವರು, ಸ್ಕ್ರೂ ಬಿಚ್ಚುತ್ತಾ. "ನಾ ಇಬ್ಬರದೂ ಕೇಳ್ತೇನಿ. ನಂಬೋದು ಬೋರ್ಡನ್ನ."

ಮುಚ್ಚಳದ ಮೇಲೆ ಕುಂಕುಮದ ಬೊಟ್ಟು ಕಂದು ಚಿಕ್ಕೆಯಾಗಿ ಇನ್ನೂ ಇತ್ತು, ಮೂರು ಬೆರಳಿನ ವಿಭೂತಿಯ ಗೆರೆ ಕೂಡ. ನಾನು ಉತ್ಸಾಹದಿಂದ ತೋರಿಸಿದೆ. ಮುಚ್ಚಳ ಎತ್ತಿ, ಕೀಗಳ ಕೆಳಗಿನ ತಗಡನ್ನು ಬ್ಯಾಟರಿಯ ಬೆಳಕಿನಲ್ಲಿ ಅಡ್ಡಡ್ಡ ನೋಡಿ, ಬಿಳಿ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ನನ್ನ ಮುಂದೆ ಹಿಡಿದರು. ಬೂದು ಧೂಳು. ಕೆಂಪಿನ ಸುಳಿವೇ ಇಲ್ಲ. ಕುಂಕುಮ ಒಳಗೆ ಇಳಿದೇ ಇರಲಿಲ್ಲ. ನೀರು ಬಿದ್ದಿದ್ದರೆ ತಾಮ್ರದ ಗೆರೆ ಹಸಿರುಗಟ್ಟುತ್ತಿತ್ತು. ಎಲ್ಲ ಗೆರೆಗಳೂ ನೆಟ್ಟಗಿದ್ದವು.

ಹನಿ ಕೀಗಳ ಸಂದಿಯಲ್ಲಿ ಇಳಿದದ್ದನ್ನು ನಾನು ನೋಡಿದ್ದೇನೆ. ಈ ಕಣ್ಣಿಂದ ನೋಡಿದ್ದೇನೆ. ಈಗಲೂ ಕಣ್ಣು ಮುಚ್ಚಿದರೆ ಆ ಹನಿ ಜಾರುತ್ತದೆ. ಇಳಿಯದ ಹನಿಯೊಂದು ಮೂವತ್ತೈದು ವರ್ಷದಿಂದ ನನ್ನೊಳಗೆ ಇಳಿಯುತ್ತಲೇ ಇದೆ.

ಮಾಬೂಸಾಬರು ಮೊದಲು ಬೋರ್ಡಿಗೆ ಕರೆಂಟು ಒದಗಿಸುವ ಭಾಗ ಪರೀಕ್ಷಿಸಿದರು. ಅಲ್ಲಿ ಉಬ್ಬಿದ ಒಂದು ಕೆಪ್ಯಾಸಿಟರು ಕಿತ್ತು ಹೊಸದು ಹಾಕಿದರು. ಅದು ವಯಸ್ಸಿನ ರೋಗ, ಅವತ್ತಿನದಲ್ಲ ಎಂದರು. ಕರೆಂಟು ಕೊಟ್ಟರು. ಅವರ ಸಣ್ಣ ಟಿವಿಯಲ್ಲಿ ಪಟ್ಟೆಪಟ್ಟೆ ಎದ್ದಿತು. ಅದೇ ಪಟ್ಟೆ. ಇದೊಂದು ಮಾತ್ರ ನಾನು ಸರಿಯಾಗಿ ನೆನಪಿಟ್ಟದ್ದು ಎಂದು ಸಮಾಧಾನವಾಯಿತು.

ಬೋರ್ಡಿನ ಬಲಕ್ಕೆ ಎಂಟು ಚಿಪ್ ಒಂದೇ ಸಾಲಿನಲ್ಲಿ, ತೆಗೆದು ಹಾಕಲು ಬರುವಂಥ ಗೂಡುಗಳಲ್ಲಿ ಕೂತಿದ್ದವು. ಯಂತ್ರದ ನೆನಪೆಲ್ಲ ಇವುಗಳಲ್ಲೇ ಇರತೈತಿ ಎಂದರು. ಯಾವುದು ಸತ್ತಿದೆಯೋ ಅದು ಕಾದು ಬಿಸಿಯಾಗುತ್ತದೆ. ಬೆರಳಿಟ್ಟು ನೋಡಬಹುದು, ಆದರೆ ಅವರ ಬೆರಳು ಬೆಸುಗೆಯ ಕಡ್ಡಿಗೆ ಸುಟ್ಟು ಸುಟ್ಟು ಬಿಸಿ ತಿಳಿಯದಂತಾಗಿದೆ. ಅದಕ್ಕೇ ಎಲೆಯ ಕಟ್ಟು ಬಿಚ್ಚಿ, ಒಂದು ಎಲೆಯನ್ನು ಪಂಚೆಗೆ ಒರೆಸಿ ಒಣಗಿಸಿ, ಉಗುರಿನಿಂದ ಎಂಟು ತುಣುಕು ಹರಿದು, ಒಂದೊಂದು ಚಿಪ್ಪಿನ ಬೆನ್ನಿಗೆ ಒಂದೊಂದು ಇಟ್ಟರು. ಉಳಿದ ಎಲೆಗೆ ಸುಣ್ಣ ಹಚ್ಚಿ ಬಾಯಿಗೆ ಹಾಕಿಕೊಂಡರು. ಇಬ್ಬರೂ ಕಾದೆವು. ಪಿಂಡ ಇಟ್ಟು ಕಾಗೆಗೆ ಕಾಯುವವರ ಹಾಗೆ.

ಮೂರನೆಯ ತುಣುಕಿನ ಅಂಚು ಮೊದಲು ಕಪ್ಪಾಯಿತು. ಆಮೇಲೆ ಅದು ಮುದುಡಿತು. ಉಳಿದ ಏಳೂ ಹಸಿರಾಗೇ ಇದ್ದವು.

ಕರೆಂಟು ತೆಗೆದು, ತುಣುಕು ಆರಿಸಿ, ಬ್ರಷ್ಷಿನಿಂದ ಧೂಳು ಬಳಿದರು. ಬಗ್ಗಿ ನೋಡಿದವರು ಕನ್ನಡಕ ಹಣೆಗೇರಿಸಿ ಮತ್ತೆ ಬಗ್ಗಿದರು. ಇಂಥ ಚಿಪ್ಪಿಗೆ ಒಂದು ತುದಿಯಲ್ಲಿ ಅರ್ಧಚಂದ್ರದಂಥ ಗುರುತಿರುತ್ತದೆ, ತಲೆ ಯಾವ ಕಡೆ ಎಂದು ತಿಳಿಯಲು. ಏಳರ ತಲೆ ಬಾಗಿಲ ಕಡೆಗಿತ್ತು. ಮೂರನೆಯದರ ತಲೆ ಗೋಡೆಯ ಕಡೆ. ಯಾರೋ ಅದನ್ನು ಗೂಡಿನಿಂದ ಕಿತ್ತು, ತಿರುಗಾಮುರುಗಾ ಕೂರಿಸಿದ್ದರು. ಹಾಗೆ ಕೂರಿಸಿದ ಯಂತ್ರಕ್ಕೆ ಯಾರ ಕೈ ಸ್ವಿಚ್ ಒತ್ತಿದ್ದರೂ ಅವತ್ತು ಇದೇ ಆಗುತ್ತಿತ್ತು. ದೇವರೇ ಬಂದು ಒತ್ತಿದ್ದರೂ ಎಂದರು ಮಾಬೂಸಾಬರು.

ಇನ್ನೂ ಒಂದು ಇತ್ತು. ಎಂಟೂ ಚಿಪ್ಪುಗಳ ಬೆನ್ನ ಮೇಲೆ ಮೊನಚಾದ ಏತರಿಂದಲೋ ಸಣ್ಣಗೆ ಗೀಚಿದ ಅಂಕಿಗಳು, ಒಂದರಿಂದ ಎಂಟರವರೆಗೆ. ಕಂಪಾಸಿನ ಕೈವಾರದಿಂದ ಗೀಚಿದಂತೆ. ಯಾವುದು ಎಲ್ಲಿಯದೆಂದು ತಪ್ಪಬಾರದು ಎಂದು, ಕೀಳುವ ಮೊದಲು ಹಾಕಿಕೊಂಡ ಗುರುತು. ಕನ್ನಡದ ಅಂಕಿಗಳು. ಉಳಿದ ಏಳೂ ನೆಟ್ಟಗಿದ್ದವು, ಮೂರರ ಅಂಕಿ ಮಾತ್ರ ತಲೆಕೆಳಗಾಗಿ ನಿಂತಿತ್ತು. ಜಾಗ ತಪ್ಪಿರಲಿಲ್ಲ. ದಿಕ್ಕು ತಪ್ಪಿತ್ತು.

ಮಾಬೂಸಾಬರು ಬೋರ್ಡನ್ನು ತಿರುಗಿಸಿ ಆ ಮೂರನ್ನು ನೆಟ್ಟಗೆ ಮಾಡಿದರು. ದಾರದಲ್ಲಿ ನೇತಾಡುತ್ತಿದ್ದ ನನ್ನ ಚೀಟಿಯನ್ನು ಎರಡು ಬೆರಳಿನಲ್ಲಿ ಎತ್ತಿ, ಅದರ ಮಗ್ಗುಲಿಗೆ ಹಿಡಿದರು.

ನಾನು ಮೂರು ಬರೆದರೆ ಅದರ ಬಾಲ ಕೆಳಗಿಳಿದು ಮತ್ತೆ ಮೇಲೆದ್ದು ಸುತ್ತಿಕೊಳ್ಳುತ್ತದೆ. ಚೇಳು ಬರೀಬ್ಯಾಡೋ, ಅಂಕಿ ಬರಿ ಎಂದು ಅಪ್ಪ ಕೋಲಿನಿಂದ ಕೈಮೇಲೆ ಕೊಡುತ್ತಿದ್ದರು. ಬಿಡಲಿಲ್ಲ. ನನ್ನ ಫೋನ್ ನಂಬರಿನಲ್ಲಿ ಮೂರರ ಅಂಕಿ ಎರಡು ಸಲ ಬರುತ್ತದೆ. ಚೀಟಿಯ ಮೇಲೆ ಎರಡು ಚೇಳು, ಚಿಪ್ಪಿನ ಮೇಲೆ ಒಂದು. ಒಂದೇ ತಾಯಿಯ ಮೂರು ಮಕ್ಕಳ ಹಾಗೆ ನನ್ನನ್ನು ನೋಡುತ್ತಿದ್ದವು.

ಮಾಬೂಸಾಬರು ನನಗೆ ನೀರು ಕೊಟ್ಟರು. ಲೋಟ ಹಿಡಿದದ್ದು ನೆನಪಿದೆ, ಕುಡಿದದ್ದಿಲ್ಲ. ಅಂಗಿ ಒದ್ದೆಯಾಗಿತ್ತು, ಆದ್ದರಿಂದ ಕುಡಿಯಲಿಲ್ಲ ಎಂದು ಊಹಿಸುತ್ತೇನೆ.

ಆಶ್ಚರ್ಯವೆಂದರೆ ಇದಾದ ಮೇಲೆ ಐದು ನಿಮಿಷದೊಳಗೆ ನನಗೆ ಎಲ್ಲ "ನೆನಪಾಗತೊಡಗಿತು." ಅಪ್ಪ ಒರೆಸು ಎಂದು ಬೀಗದ ಕೈ ಕೊಟ್ಟದ್ದು, ಬರೀ ಮೇಲೆ ಒರೆಸಿದರೆ ಅದೆಂಥ ಖಂಡೇಪೂಜೆ ಎಂದು ನಾನು ಮುಚ್ಚಳ ಬಿಚ್ಚಿದ್ದು, ಚಮಚದ ಹಿಡಿಯಿಂದ ಚಿಪ್ಪುಗಳನ್ನು ಹಲ್ಲಿನ ಹಾಗೆ ಎಬ್ಬಿಸಿದ್ದು, ಹುಣಸೆಹಣ್ಣಿನ ನೀರಿನಲ್ಲಿ ಅದ್ದಿದ್ದು. ಬಣ್ಣ, ವಾಸನೆ ಎಲ್ಲ ಬಂತು. ನಾನು ನಂಬಲಿಲ್ಲ. ಐದು ನಿಮಿಷದ ಹಿಂದೆ ಸಿಪಾಯಿಯ ಚೌಕಡಿ ವಸ್ತ್ರ ಕಂಡದ್ದೂ ಇದೇ ಕಣ್ಣು. ತೀರ್ಪು ಬಂದ ಮೇಲೆ ಎದ್ದುನಿಂತು ನಾನೂ ನೋಡಿದ್ದೆ ಎನ್ನುವವನನ್ನು ಯಾರು ನಂಬುತ್ತಾರೆ?

ಮಾಬೂಸಾಬರು ತಮ್ಮ ಡಬ್ಬಿಗಳಲ್ಲಿ ಹುಡುಕಿ, ಹಿಂದೆ ಯಾವುದೋ ಸತ್ತ ಕಂಪ್ಯೂಟರಿನಿಂದ ಕಿತ್ತಿಟ್ಟ ಅದೇ ಜಾತಿಯ ಚಿಪ್ ಒಂದನ್ನು ತೆಗೆದು, ತಲೆಯನ್ನು ಬಾಗಿಲ ಕಡೆ ಮಾಡಿ ಕೂರಿಸಿದರು. ಕರೆಂಟು ಕೊಟ್ಟರು. ಟಿವಿ ಕಪ್ಪಾಯಿತು. ಮೂಲೆಯಲ್ಲಿ ಒಂದು ಸಣ್ಣ ಬಿಳಿ ಚೌಕ ಎದ್ದು, ಮುಚ್ಚಿ, ಎದ್ದು, ಮುಚ್ಚಿ ಮಾಡತೊಡಗಿತು. ಅವರು ಹಳೆಯ ಚಿಪ್ಪನ್ನು ನನ್ನ ಅಂಗೈಗೆ ಹಾಕಿ ಕೇಳಿದರು:

"ಅಕ್ಕಾರು ಅದಾರೇನ್ರಿ?"

"ಅದಾರ."

"ಹಂಗಾರ ರಿಪೇರಿ ಅರ್ಧಾ ಆತ್ರಿ."

ಟಿವಿಯನ್ನೂ ಎರವಲು ಕೊಟ್ಟರು. ಭಾನುವಾರ ಒಂದು ಟಂಟಂ ರಿಕ್ಷಾ ಮಾಡಿಕೊಂಡು ಮಾಸೂರಿಗೆ ಹೊರಟೆ. ಸೋಮವಾರಕ್ಕೆ ಒಂದೇ ದಿನ ಉಳಿದಿತ್ತು. ದಾರಿಯುದ್ದಕ್ಕೂ ಮಾತು ಕಟ್ಟಿದೆ. ಮೊದಲು ತಮಾಷೆಯಾಗಿ ಹೇಳುವುದು ಎಂದುಕೊಂಡೆ. ತಿಳವಳ್ಳಿ ದಾಟುವಾಗ, ಸಿಪಾಯಿ ಮಾಡಿದ ಎಂದು ಹೇಳಿದರೆ ಹೇಗೆ ಎಂಬ ಯೋಚನೆ ಬಂತು. ಕೆಲಸ ಒಂದೇ ಅಲ್ಲವೇ: ಅಕ್ಕನ ಕೈ ನಿರ್ದೋಷಿ ಎಂದಾಗಬೇಕು, ಯಾರು ದೋಷಿಯಾದರೇನು? ಈ ಯೋಚನೆ ನನಗೆ ಬಂತು ಎಂಬುದನ್ನು ಇಲ್ಲಿ ಬರೆದಿಡುತ್ತೇನೆ. ಇಲ್ಲದಿದ್ದರೆ ಮುಂದಿನ ವರ್ಷದ ಹೊತ್ತಿಗೆ ನಾನು ನೇರ ಹೋಗಿ ಕಾಲಿಗೆ ಬಿದ್ದೆನೆಂದು ನೆನಪಾಗುತ್ತದೆ.

ಅಕ್ಕ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಪೆಟ್ಟಿಗೆ ನೋಡಿದ ಕೂಡಲೇ ಗುರುತಿಸಿದಳು. ಕೈಗಳನ್ನು ಮೊರದಿಂದ ತೆಗೆದು ಸೆರಗಿನೊಳಗೆ ಇಟ್ಟುಕೊಂಡಳು. ನಾನು ಕಟ್ಟಿದ ಯಾವ ಮಾತೂ ಬರಲಿಲ್ಲ. ಚಿಪ್ಪನ್ನು ಮೊರದ ಅಂಚಿಗೆ ಇಟ್ಟು, ಇದನ್ನು ಅವತ್ತು ಉಲ್ಟಾ ಕೂರಿಸಿದವನು ನಾನು, ಸ್ವಿಚ್ ಯಾರು ಹಾಕಿದ್ದರೂ ಅದು ಸಾಯುತ್ತಿತ್ತು ಎಂದೆ. ಚೇಳಿನ ಬಾಲ ತೋರಿಸಿದೆ. ಅವಳು ಚಿಪ್ಪನ್ನು ಮುಟ್ಟದೆ, ಬಗ್ಗಿ ನೋಡಿದಳು.

ಆಮೇಲೆ ಅವಳು ಹೇಳಿದ್ದನ್ನು ನನಗೆ ಇನ್ನೂ ನುಂಗಿಕೊಳ್ಳಲು ಆಗಿಲ್ಲ.

"ನೀ ಬಿಚ್ಚಿದ್ದು ನನಗ ಗೊತ್ತಿತ್ತು," ಎಂದಳು.

ಹಿಂದಿನ ದಿನ ಕೋಣೆಯ ಮುಂದೆ ರಂಗೋಲಿ ಹಾಕಲು ಬಂದವಳು ಕಿಟಕಿಯಿಂದ ನೋಡಿದ್ದಳಂತೆ. ನಾನು ಅಂಗಿ ಬಿಚ್ಚಿ ನೆಲಕ್ಕೆ ಹಾಸಿ, ಅದರ ಮೇಲೆ ಎಂಟನ್ನೂ ಸಾಲಾಗಿ ಇಟ್ಟು, ಒಂದೊಂದಕ್ಕೂ ಬಾಯಿಂದ ಹಬೆ ಊದಿ ಒರೆಸುತ್ತಿದ್ದೆನಂತೆ. ಹುಣಸೆಹಣ್ಣು? ಯಾವ ಹುಣಸಿಹಣ್ಣೋ, ಅದು ತಾಮ್ರದ ಕೊಡ ಅಲ್ಲ ಎಂದಳು. ಅಪ್ಪನಿಗೆ ಗೊತ್ತಾದರೆ ನನಗೆ ಹೊಡೆತ ಬೀಳುತ್ತದೆಂದು ಅವಳು ಬಾಯಿ ಬಿಡಲಿಲ್ಲ. ಅವತ್ತೂ ಬಿಡಲಿಲ್ಲ, ಆಮೇಲೂ ಬಿಡಲಿಲ್ಲ. ಗೊಟಗೋಡಿಯಲ್ಲಿ ಮೂರನೆಯ ಸಾಲಿನಲ್ಲಿ ಕೂತಾಗಲೂ.

ನನಗೆ ಸಿಟ್ಟೇ ಬಂತು. ಗೊತ್ತಿದ್ದರೆ ನಿನ್ನ ಕೈಯನ್ನು ಯಾಕೆ ಇಷ್ಟು ವರ್ಷ ಬಚ್ಚಿಟ್ಟೆ ಎಂದೆ. ದನಿ ಏರಿತ್ತು. ತಪ್ಪು ಮಾಡಿದವರ ದನಿಯೇ ಮೊದಲು ಏರುತ್ತದೆ.

"ನೀ ಭಾಳ ಹುಷಾರ ಇದ್ದಿಯಲ್ಲೋ ತಮ್ಮಾ," ಎಂದಳು. "ನಂಬರ ಬ್ಯಾರೆ ಹಾಕ್ಕೊಂಡಿದ್ದಿ. ನೀ ತಪ್ಪು ಮಾಡಿರತಿ ಅಂತ ಅನಸಲೇ ಇಲ್ಲ ನನಗ. ಎಂಟಕ್ಕೆಂಟೂ ಬರೋಬ್ಬರಿ ಕುಂದರಿಸಿದ್ದಿ ಅಂತ ತಿಳದೆ. ಉಳದದ್ದು ನನ್ನ ಕೈ ಒಂದ."

ಸಿಡಿಲು ಬಡಿದಂತಾಯಿತು ಎಂದು ಎಷ್ಟೋ ಸಲ ಬರೆದಿದ್ದೇನೆ. ಅದರ ಅರ್ಥ ಗೊತ್ತಿಲ್ಲದೆ ಬರೆದಿದ್ದೆ. ಅವಳು ಗೊತ್ತಿಲ್ಲದೆ ಮೋಸ ಹೋದವಳಲ್ಲ. ಕಣ್ಣಾರೆ ನೋಡಿ, ಎಲ್ಲ ಗೊತ್ತಿದ್ದು, ಎರಡರಲ್ಲಿ ಒಂದನ್ನು ಅನುಮಾನಿಸಬೇಕಾದಾಗ ತಮ್ಮನ ಕೈ ಬಿಟ್ಟು ತನ್ನದನ್ನು ಆರಿಸಿಕೊಂಡಿದ್ದಳು. ನಾನು ಅದನ್ನು ವೇದಿಕೆಯ ಮೇಲೆ ಕುಂಟಿ ತೋರಿಸುತ್ತಿದ್ದೆ.

ಟಿವಿ ಜೋಡಿಸಿದೆ. ಸ್ವಿಚ್ ನೀನೇ ಹಾಕು ಎಂದೆ. ಬೇಡವೆನ್ನುತ್ತಾಳೆ, ಅಳುತ್ತಾಳೆ, ಒತ್ತಾಯ ಮಾಡಬೇಕಾಗುತ್ತದೆ ಎಂದು ಸಿದ್ಧನಾಗಿದ್ದೆ. ಅವಳು ಕೈಯನ್ನು ಸೀರೆಗೆ ಒರೆಸಿಕೊಂಡು ಬಂದು ಪಟ್ಟನೆ ಒತ್ತಿದಳು, ದೀಪದ ಗುಂಡಿ ಒತ್ತಿದಂತೆ. ಬಿಳಿ ಚೌಕ ಎದ್ದಿತು, ಮುಚ್ಚಿತು, ಎದ್ದಿತು.

"ಇಷ್ಟಕ್ಕ?" ಎಂದಳು.

ಅವಳು ಕೇಳಿದ್ದು ನನ್ನನ್ನೋ, ಅಪ್ಪನನ್ನೋ, ಆ ಚೌಕವನ್ನೋ. ಕೀಬೋರ್ಡಿನ ಮೇಲೆ ಒಂದು ಬೆರಳಿಟ್ಟು, ಯಾವುದನ್ನೂ ಒತ್ತದೆ, ತೆಗೆದಳು. ಸ್ವಿಚ್ ಆರಿಸಿ, ವಾಯರನ್ನು ಮೊಣಕೈಗೆ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಚಪ್ಪಲಿ ಮೆಟ್ಟಿ ಹೊರಗೆ ನಡೆದಳು. ನಾನು ಹಿಂದೆ ಓಡಿದೆ.

ಸಂಘದ ಕೋಣೆಯಲ್ಲಿ ನೀಲವ್ವ ಮತ್ತು ನಾಲ್ಕಾರು ಹೆಂಗಸರು ಮಷೀನಿಗೆ ಮತ್ತೆ ಪ್ಲಾಸ್ಟಿಕ್ ಸುತ್ತುತ್ತಿದ್ದರು, ನಾಳೆ ಒಯ್ಯಲೆಂದು. ಅಕ್ಕ ಹೊಸ್ತಿಲು ದಾಟಿದ್ದನ್ನು ನೋಡಿ ಎಲ್ಲರೂ, ಒಳಗೆ ಬಂದ ಪಾರಿವಾಳ ಬೆದರಿ ಹಾರದಿರಲೆಂದು ನಿಲ್ಲುವ ಹಾಗೆ ನಿಂತರು. ಅವಳು ಪ್ಲಾಸ್ಟಿಕ್ ಎಳೆದು ಹಾಕಿದಳು. ಹಿಟ್ಟು ಕಲಸಿದಳು, ನಾದಿದಳು, ಉಂಡೆ ಮಾಡಿ ಮಷೀನಿನ ಬಾಯಿಗೆ ಕೊಟ್ಟಳು. ಗುಂಡಿ ಒತ್ತಿದಳು. ಮಷೀನು ಗುರ್ರೆಂದಿತು, ಉಂಡೆ ಒಳಗೆ ಹೋಯಿತು. ಆ ಕಡೆಯಿಂದ ರೊಟ್ಟಿ ಬಂತು: ಒಂದು ಅಂಚು ಹಸಿ, ಇನ್ನೊಂದು ಅಂಚು ಇದ್ದಿಲು, ನಡುವೆ ಅಂಗೈಯಷ್ಟು ತೂತು. ಹೊಗೆ ಎದ್ದಿತು. ಈ ಸಲ ನಿಜವಾದ ಹೊಗೆ, ಐದು ಜನ ನೋಡಿದ್ದಾರೆ, ಕೇಳಿ ಬೇಕಾದರೆ.

ಅಕ್ಕ ಬಲಗೈಯನ್ನು ಕಣ್ಣಿನ ಮುಂದೆ ತಂದು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಆಮೇಲೆ ಬಗ್ಗಿ, ಮಷೀನಿನ ಹೊಟ್ಟೆಯೊಳಗೆ ಇಣುಕಿದಳು.

"ಒಂದ ಬಾಜೂ ಕಾಯಾಕತ್ತೈತಿ ಇದು," ಎಂದಳು. "ಯಾರರ ಪಾನಾ ತರ್ರಿ, ಬಿಚ್ಚಿ ನೋಡೋಣು."

ಮೂಲೆಯಲ್ಲಿದ್ದ ಸ್ಪ್ಯಾನರು ನನ್ನ ಕೈಗೆ ಹತ್ತಿರವಿತ್ತು. ಎತ್ತಿಕೊಂಡೆ. ಅಕ್ಕ ತಿರುಗಿ ನೋಡಿ ಕೈ ಚಾಚಿದಳು.

"ಇತ್ತ ಕೊಡು. ನೀ ಮಾತ್ರ ಕೈ ಹಚ್ಚಬ್ಯಾಡ."